ಮೇಡಂಗ ಮಜ್ಜಿಗಿ ಕುಡಿಸಿದ್ದು

ಕೊಟ್ಟೂರು ಸಂತಿಯಾಗ ಬಳಿ ಮಾರಾಕಿ ಒಬ್ಬಾಕಿ ಹೇಳ್ತಿದ್ಲಂತ, ಸೋಲಾರ್ ಕಂಪ್ನಿ ಮೇಡಂನ ನಮ್ಮೂರ ಹೆಂಗಸ್ರು ಬಿಸಿಲಾಗ ಕೂಡಿ ಹಾಕಿದ್ರು ಅಂತ. ಇನ್ನೊಬ್ಬಾಕಿ ಅಂದ್ಲಂತ, ಕೂಡಿ ಹಾಕ್ಲಿಲ್ಲ, ಎಲ್ಲಾರೂ ಕಾಲಿಗೆ ಬಿದ್ರು ಅಂತ. ಎರಡೂ ಸುಳ್ಳು. ನಾವು ಊಟಕ್ಕ ಕರದ್ವಿ, ಅಷ್ಟ. ಮಜ್ಜಿಗಿ ಸ್ವಲ್ಪ ಜಾಸ್ತಿ ಹಾಕಿದ್ವಿ. ಖರೇ ಏನಾತು ಅನ್ನೋದನ್ನ ಈಗ ನಾನ ಫೋನಿನ ಮ್ಯಾಲ ಒಂದ ಬೆರಳಿನಾಗ ಒತ್ತಿ ಒತ್ತಿ ಬರಿಯಾಕ ಹತ್ತೀನಿ. ಮೊಮ್ಮಗಳು ಕಲಿಸ್ಯಾಳ. ತಪ್ಪಿದ್ರ ಆಕಿನ್ನ ಬೈರಿ.

ನಮ್ಮೂರಿಂದ ಹರಪನಹಳ್ಳಿ ಕಡಿ ಹೋಗೋ ದಾರ್ಯಾಗ ಮೊದ್ಲು ಶೇಂಗಾ, ಸಜ್ಜಿ ಹೊಲ ಇದ್ವು. ಈಗ ಕಣ್ಣು ಹರಿಯೋಮಟ ಸೋಲಾರ್ ಪ್ಲೇಟು. ಸುತ್ತ ತಂತಿ ಬೇಲಿ, ಮೂಲಿಗೊಂದು ಕಂಬ, ಕಂಬದ ಮ್ಯಾಲ ಕ್ಯಾಮೆರಾ. ಅದು ಗೂಗಿ ಹಂಗ ಕುತ್ತಿಗಿ ತಿರಗಸ್ತೈತಿ. ಅಲ್ಲಿ ನಾನು ಪ್ಲೇಟಿನ ಬುಡದಾಗ ಹುಲ್ಲು ಕೀಳಾಕಿ, ನನ್ನ ಸೊಸಿ ಪ್ಲೇಟು ತೊಳಿಯಾಕಿ. ಉದ್ದನ ಕೋಲಿಗೆ ಬ್ರಷ್ಷು, ಟ್ಯಾಂಕರಿನಿಂದ ಪೈಪು. ಪ್ಲೇಟಿನ ಮ್ಯಾಲ ಧೂಳು ಕುಂತ್ರ ಕರೆಂಟು ಕಮ್ಮಿ ಆಕ್ಕೈತಂತ, ಅದಕ್ಕ ಅವಕ್ಕ ತಪ್ಪದ ಜಳಕ. ನಮಗ ಕುಡಿಯಾಕ ಮನಿಯಿಂದ ತಂದ ಬಾಟ್ಲಿ.

ಆ ಬಾಟ್ಲಿ ತುಂಬಿದ್ದು ತುಂಬಿದಂಗ ಸಂಜಿಗೆ ಮನಿಗೆ ಬರ್ತಿತ್ತು. ಕುಡಿದ್ರ ಒಂದಕ್ಕ ಹೋಗಬೇಕಲ್ಲ. ಎಲ್ಲಿ ಹೋಗೋದು? ಶೇಂಗಾ ಹೊಲದಾಗ ಒಂದು ಜಾಲಿ ಗಿಡ ಇರ್ತಿತ್ತು, ಬದು ಇರ್ತಿತ್ತು. ಕಂಪ್ನಿಯಾರು ನೆರಳು ಬೀಳ್ತೈತಿ ಅಂತ ಗಿಡ ಎಲ್ಲ ಕಡದ್ರು, ಬದು ಎಲ್ಲ ಸಪಾಟು ಮಾಡಿದ್ರು. ಪ್ಲೇಟಿನ ಮರಿಗೆ ಕುಂದ್ರಬೇಕಂದ್ರ ಕೆಳಗೆಲ್ಲ ವೈರು, ಮ್ಯಾಲ ಗೂಗಿ. ಪಾಯಖಾನಿ ಇದ್ದಿದ್ದು ಒಂದ, ಗೇಟಿನ ಹತ್ರ ಆಫೀಸಿನಾಗ. ಅದು ಆಫೀಸರ್ ಮಂದಿಗೆ.

ನಾನು ಮುದುಕಿ, ಒಣಗಿದ ಕಟಗಿ, ಹೆಂಗೋ ತಡಕೊಂಡೆ. ಸೊಸಿಗೆ ಆಗ್ಲಿಲ್ಲ. ಮೊದ್ಲು ಉರಿ ಅಂದ್ಲು, ಆಮ್ಯಾಲ ಜ್ವರ, ಆಮ್ಯಾಲ ಸೊಂಟ ಹಿಡಕೊಂಡು ಗೋಡಿಗೆ ಒರಗಿದ್ಲು. ಕೊಟ್ಟೂರಿನ ಲೇಡಿ ಡಾಕ್ಟ್ರು ಔಷಧಿ ಕೊಟ್ಟು ಬೈದ್ರು. "ನೀರು ಕುಡೀಬೇಕು. ಇಲ್ಲಾಂದ್ರ ಆ ಕೆಲ್ಸ ಬಿಡಬೇಕು. ಹಿಂಗ ಮುಂದುವರದ್ರ ಕಿಡ್ನಿಗೆ ಬರ್ತೈತಿ" ಅಂದ್ರು.

ನನ್ನ ಮಗ ಹಗರಿಬೊಮ್ಮನಹಳ್ಳಿ ಮಾರ್ಕೆಟ್ಟಿಗೆ ಸಣ್ಣ ಗಾಡಿ ಓಡಸ್ತಾನ. ಅವತ್ತ ಸಂಜಿಗೆ ಚಾ ಕುಡಕೋಂತ ಅಂದ: "ಬಿಡು ಆ ಕೆಲ್ಸ. ನಾ ದುಡೀತೀನಲ್ಲ."

ಸೊಸಿ ಕೊರಳಾಗಿನ ಕಾರ್ಡು ತಿರುವಿ ಹಾಕಿದ್ಲು. ಕಂಪ್ನಿ ಕೊಟ್ಟ ಕಾರ್ಡು ಅದು, ಅವಳ ಫೋಟ, ಅವಳ ಹೆಸರು. ನಮ್ಮಲ್ಲಿ ಸೊಸ್ತೇರನ್ನ ಹೆಸರು ಹಿಡಿದು ಕರಿಯೋರು ಯಾರು? ತವರೂರು ಗುಡೇಕೋಟಿ ಆದ್ರ ಗುಡೇಕೋಟಿಯಾಕಿ, ಹಂಪಸಾಗರ ಆದ್ರ ಹಂಪಸಾಗರದಾಕಿ. ಇವಳು ಬಾಗಳಿಯಾಕಿ. ಗೇಟಿನಾಗ ಅಷ್ಟ ಇವಳನ್ನ ದಿನಾ ಹೆಸರು ಹಿಡಿದು ಕೂಗ್ತಿದ್ರು. ರಜಾ ದಿನನೂ ಆ ಕಾರ್ಡು ಒರಿಸಿ ದೇವ್ರ ಗೂಡಿನ ಮಗ್ಗಲಿಗೆ ತೂಗು ಹಾಕ್ತಿದ್ಲು. ಅದನ್ನ ವಾಪಸ್ ಕೊಟ್ಟು ಮತ್ತ ಬಾಗಳಿಯಾಕಿ ಆಗಿ ಒಲಿ ಮುಂದ ಕುಂದ್ರಾಕ ಅವಳ ಮನಸು ಒಪ್ಪಲಿಲ್ಲ. ನನಗೂ ಒಪ್ಪಲಿಲ್ಲ. ಆದ್ರ ಅವಳ ಜೀವ ನೋಡಿದ್ರ ಹೆದರಿಕಿ.

ಸೂಪರ್ವೈಸರ್‌ನ ಕೇಳಿದೆ. ಹರಪನಹಳ್ಳಿಯಾವ, ದಾವಣಗೆರೆ ಕಡಿ ಮಾತು, ಯಾವಾಗ್ಲೂ ತಲಿ ಮ್ಯಾಲ ಛತ್ರಿ.

"ಸಾಹೇಬ್ರ, ಹೆಣ್ಮಕ್ಕಳಿಗೆ ಒಂದು ಪಾಯಖಾನಿ ಕಟ್ಟಸ್ರಿ."

"ಅಜ್ಜಿ, ನಾನು ಕಂಟ್ರಾಕ್ಟರ್ ಕಡೆಯವನು. ಕಂಟ್ರಾಕ್ಟರು ಕಂಪ್ನಿ ಕಡೆ ಕೈ ತೋರಿಸ್ತಾರೆ."

"ಕಂಪ್ನಿ ಯಾರ ಕಡಿ ತೋರಸ್ತೈತಿ?"

"ಕಂಟ್ರಾಕ್ಟರ್ ಕಡೆ."

ಹಿಂಗ ಅವರಿಬ್ರೂ ಒಬ್ಬರಿಗೊಬ್ಬರು ಕೈ ತೋರಿಸಿಕೋಂತ ನಿಂತಿದ್ರು. ನಡುವ ನನ್ನ ಸೊಸಿ ಬಾಯಿ ಒಣಗಿಸಿಕೊಂಡು ಪ್ಲೇಟಿಗೆ ನೀರು ಹೊಡೀತಿದ್ಲು.

ಅಷ್ಟರಾಗ ಸುದ್ದಿ ಬಂತು, ಕಂಪ್ನಿಯಿಂದ ದೊಡ್ಡ ಮೇಡಂ ಬರ್ತಾರ, ಆಳುಗಳು ಹೆಂಗದಾರ ನೋಡ್ತಾರ ಅಂತ. ನನಗ ಗೊತ್ತು, ಅವರು ಕೇಳಿದ್ರ ನಮ್ಮ ಹೆಂಗಸ್ರು ಬಾಯಿ ಬಿಡಂಗಿಲ್ಲ. ಗಂಡಸ್ರು ನಿಂತಿದ್ದಾಗ ಒಂದಕ್ಕ ಹೋಗೋ ಮಾತು ಯಾರು ಎತ್ತತಾರ? ಅದಕ್ಕ ನಮ್ಮ ಕೂಡ ಪ್ಲೇಟು ತೊಳಿಯೋ ಗುಡೇಕೋಟಿಯಾಕಿ ಮನಿಗೆ ಹೋದೆ. ಆಕಿಗೆ ಎಮ್ಮಿ ಅದಾವ.

"ನಾಳಿಗೆ ಒಂದು ಕೊಡ ಮಜ್ಜಿಗಿ ಮಾಡವಾ. ತೆಳ್ಳಗ ಮಾಡು. ಉಪ್ಪು ಮುಂದ ಇರ್ಲಿ."

"ಯಾರಿಗೆ?"

"ಮೇಡಂಗ. ನಾ ಹಸಿಮೆಣಸಿನಕಾಯಿ ಚಟ್ನಿ ತರ್ತೀನಿ."

ಆಕಿ ನನ್ನ ಮುಖ ನೋಡಿದ್ಲು. "ಈ ಮುದುಕಿ ಎಲ್ಲಾರನ್ನೂ ಜೇಲಿಗೆ ಹಾಕಸ್ತೈತಿ" ಅಂದ್ಲು. ಅಂದ್ರೂ ಮಜ್ಜಿಗಿ ಮಾಡಿದ್ಲು.

ಮೇಡಂ ಜೀಪಿನಾಗ ಬಂದ್ರು. ನಮ್ಮ ಮಗಳ ವಯಸ್ಸು, ಬೂಟು, ತಲಿಗೆ ಟೊಪ್ಪಿಗಿ. ಸೂಪರ್ವೈಸರ್ ಮಗ್ಗಲಾಗ ನಿಂತಿದ್ದ. "ಏನಾದ್ರೂ ತೊಂದರೆ ಇದೆಯಾ? ಹೆದರಬೇಡಿ, ಹೇಳಿ" ಅಂದ್ರು.

"ಏನಿಲ್ರಿ" ಅಂದ್ಲು ಹಂಪಸಾಗರದಾಕಿ. "ಎಲ್ಲ ಚಲೋ ಐತ್ರಿ" ಅಂದ್ಲು ಇನ್ನೊಬ್ಬಾಕಿ. ನನ್ನ ಸೊಸಿ ಪೈಪು ನೋಡ್ಕೋಂತ ನಿಂತ್ಲು. ನಾ ಅಂದ್ಕೊಂಡಂಗ ಆತು.

ಬುತ್ತಿ ಬಿಚ್ಚೋ ಹೊತ್ತು. ನಾ ಮುಂದ ಹೋದೆ. "ಮೇಡಂ, ಊಟದ ಹೊತ್ತಿಗೆ ಬಂದೀರಿ, ಎರಡು ರೊಟ್ಟಿ ತಿಂದು ಹೋಗ್ರಿ. ಬುತ್ತಿ ಬಿಚ್ಚಿದ ಮ್ಯಾಲ ಬಂದಾರನ್ನ ಹಂಗ ಕಳಸಂಗಿಲ್ಲ ನಮ್ಮಲ್ಲಿ." ಆಮ್ಯಾಲ ಸೂಪರ್ವೈಸರ್ ಕಡಿ ತಿರುಗಿದೆ. "ಸಾಹೇಬ್ರ, ನಮ್ಮ ಖಾರ ಇವರಿಗೆ ಸೇರತೈತೋ ಇಲ್ಲೋ. ನೀವು ಜೀಪು ತಗೊಂಡು ಹರಪನಹಳ್ಳಿಗೆ ಹೋಗಿ ಚಲೋ ಹೋಟ್ಲ ಊಟ ತರ್ರಿ. ಮೇಡಂ ಉಪವಾಸ ಹೋದ್ರ ನಿಮ್ಮ ಹೆಸರಿಗ ಕೆಟ್ಟದ್ದು."

ಅವನಿಗೂ ಅದು ಖರೇ ಅನಿಸ್ತು. ಡ್ರೈವರ್‌ನ ಕರಕೊಂಡು ಹೋದ. ಜೀಪೂ ಹೋತು, ಗಂಡಸ್ರೂ ಹೋದ್ರು.

ಪ್ಲೇಟಿನ ನೆರಳಾಗ ಬಗ್ಗಿ ಕುಂತ್ವಿ. ಮೇಡಂ ಎರಡು ಸರ್ತಿ ತಲಿ ಬಡಿಸಿಕೊಂಡ್ರು. ರೊಟ್ಟಿ, ಪುಂಡಿಪಲ್ಲೆ, ನನ್ನ ಚಟ್ನಿ. ಒಂದು ತುತ್ತಿಗೆ ಕಣ್ಣಾಗ ನೀರು ಬಂತು. ಗುಡೇಕೋಟಿಯಾಕಿ ಲೋಟ ತುಂಬಿ ಕೊಟ್ಲು. ಕುಡಿದ್ರು. ಇನ್ನೊಂದು ಹಾಕಿದ್ಲು. ಮೇಡಂ ಅದನ್ನ ಬಾಯಿಗೆ ಒಯ್ಯಾಕ ಹೋಗಿ ತಡದ್ರು.

"ನೀವ್ಯಾರೂ ಕುಡೀತಿಲ್ಲ?"

"ನಮಗ ಸಾಕ್ರಿ."

"ಹಾಗಾದ್ರೆ ನನಗೂ ಸಾಕು" ಅಂತ ಲೋಟ ಕೆಳಗಿಟ್ರು.

ಇದನ್ನ ನಾ ಲೆಕ್ಕಕ್ಕ ಹಿಡಿದಿದ್ದಿಲ್ಲ. ನಮ್ಮಲ್ಲಿ ಬಂದಾರನ್ನ ಒಬ್ಬರನ್ನ ಕುಂದ್ರಿಸಿ ಉಣಸಂಗಿಲ್ಲ. ಅವರ ಕೂಡ ಮನಿಯಾರೂ ಉಣಬೇಕು, ಕುಡೀಬೇಕು. ಜೀವಮಾನ ಎಲ್ಲ ಹಂಗ ಮಾಡಿದಾಕಿ ನಾ, ಹಂಚಿಕಿ ಹಾಕೋ ಹೊತ್ತಿನಾಗ ಅದನ್ನ ಮರತೆ. ಈಗ ಏನು ಮಾಡೋದು? ಎಲ್ಲಾರೂ ಲೋಟ ಹಿಡದ್ರು. ಮೇಡಂ ಒಂದು ಕುಡಿದ್ರ ನಾವೂ ಒಂದು. ಬೆಳಗ್ಗಿಂದ ತುಟಿ ಒದ್ದಿ ಮಾಡದ ಮಂದಿ, ಕೊಡ ಖಾಲಿ ಮಾಡಿದ್ವಿ. ಸೊಸಿ ಬ್ಯಾಡ ಬ್ಯಾಡ ಅಂತ ಕಣ್ಣಾಗ ಹೇಳಿದ್ಲು. ಆದ್ರ ಮೇಡಂ ಅವಳ ಕಡಿನ ನೋಡಾಕ ಹತ್ತಿದ್ರು. ಅವಳೂ ಕುಡಿದ್ಲು.

ಆಮ್ಯಾಲ ಮೇಡಂ ಆರಾಮ ಕುಂತು ಮಾತಿಗೆ ಹತ್ತಿದ್ರು. ಮಕ್ಕಳೆಷ್ಟು, ಸಾಲಿ ಎಲ್ಲಿ, ರೊಟ್ಟಿ ಹೆಂಗ ಬಡೀತೀರಿ. ಅವರಿಗೆ ಏನೂ ಆದಂಗ ಕಾಣ್ಲಿಲ್ಲ. ಆಗಿದ್ದು ನನಗ. ನಾ ಈ ಮಗ್ಗಲಾ ಆ ಮಗ್ಗಲಾ ಹೊಳ್ಳಾಡಾಕ ಹತ್ತಿದೆ.

ಗುಡೇಕೋಟಿಯಾಕಿ ಕಿವ್ಯಾಗ ಅಂದ್ಲು: "ಏ ಮುದುಕಿ, ನೀ ಹಾಕಿದ ಬಲಿಯಾಗ ನೀನ ಬಿದ್ದಿ ನೋಡು."

"ಸುಮ್ನಿರಲೇ, ನಗಿಸಬ್ಯಾಡ. ನಗಿಸಿದ್ರ ಇಲ್ಲೇ ಎಲ್ಲ ಮುಗೀತೈತಿ."

ಆಕಿ ಬೇಕಂತ ಇನ್ನಷ್ಟು ನಗಿಸಿದ್ಲು. ನಾವಿಬ್ರೂ ಸೆರಗು ಬಾಯಿಗೆ ತುರುಕಿಕೊಂಡು ಕುಂತಿದ್ವಿ. ಅಷ್ಟರಾಗ ಸೊಸಿ ಕಡಿ ನೋಡಿದೆ. ನನ್ನ ನಗಿ ನಿಂತು ಹೋತು. ಅವಳ ಹಣಿ ಮ್ಯಾಲ ಬೆವರು, ಕೈ ಹೊಟ್ಟಿ ಕೆಳಗ. ನಮಗ ಅದು ಬರೇ ಅವಸರ. ಅವಳಿಗೆ ಉರಿ.

ಅವಳು ಎದ್ದು ನಿಂತ್ಲು. ನನ್ನ ಕಡಿ ನೋಡ್ಲಿಲ್ಲ.

"ಮೇಡಂ, ನಾ ಒಂದಕ್ಕ ಹೋಗಬೇಕ್ರಿ. ಎಲ್ಲಿ ಹೋಗ್ಲಿ ನೀವ ಹೇಳ್ರಿ."

ಮದಿವಿ ಆಗಿ ಬಂದಾಗಿಂದ ಅವಳ ದನಿ ಅಷ್ಟು ಗಟ್ಟಿ ಕೇಳಿದ್ದಿಲ್ಲ ನಾ.

ಮೇಡಂ ಸುತ್ತ ನೋಡಿದ್ರು. ಪ್ಲೇಟು, ಪ್ಲೇಟು, ಬೇಲಿ, ಕಂಬ. "ಆಫೀಸ್ ಹತ್ರ ಇದೆಯಲ್ಲ?"

"ಅದು ದೂರ ಗೇಟಿನಾಗ್ರಿ, ನಡದು ಹೋಗಾಕ ಅರ್ಧ ತಾಸು. ಆಫೀಸರ್ ಮಂದಿಗೆ. ನಮ್ಮನ್ನ ಬಿಡಂಗಿಲ್ಲ."

"ಮತ್ತೆ ದಿನಾ ಎಲ್ಲಿಗೆ ಹೋಗ್ತೀರಾ?"

"ಹೋಗಂಗಿಲ್ರಿ. ಅದಕ್ಕ ನೀರ ಕುಡಿಯಂಗಿಲ್ಲ. ಕುಡಿಯದ ಇದ್ದಿದ್ದಕ್ಕ ನನಗ ಜಡ್ಡು ಬಂತು. ಡಾಕ್ಟ್ರು ಕೆಲ್ಸ ಬಿಡು ಅಂದಾರ. ನಾ ಬಿಡಂಗಿಲ್ಲ."

ಗೂಗಿ ತಿರುಗಿ ನಮ್ಮ ಕಡಿ ಬಂತು, ನೋಡ್ತು, ಹೊಳ್ಳಿ ಹೋತು. ಮೇಡಂ ಅದನ್ನೂ ನೋಡಿದ್ರು. ಜೀಪಿಗೆ ಫೋನ್ ಮಾಡಾಕ ಕೈ ಹಾಕಿದ್ರು, ಜೀಪು ಹರಪನಹಳ್ಳ್ಯಾಗ ಅನ್ನೋದು ನೆಪ್ಪಾತು. ಆಮ್ಯಾಲ ಸಣ್ಣ ದನಿಯಾಗ ಅಂದ್ರು: "ನನಗೂ ಹೋಗ್ಬೇಕಿತ್ತು."

ನಾ ಹುಲ್ಲು ಹೊರಿ ಕಟ್ಟಾಕ ಒಂದು ಹಳೆ ಸೀರಿ ಒಯ್ತೀನಿ. ಅದನ್ನ ಬಿಚ್ಚಿ ಬೇಲಿ ಮೂಲ್ಯಾಗ ಸುತ್ತ ಹಿಡದ್ವಿ. "ಮೊದಲು ಅವರು ಹೋಗ್ಲಿ" ಅಂದ್ರು ಮೇಡಂ. ಅನ್ನೋದಷ್ಟ ಅಲ್ಲ, ಸೀರಿದು ಒಂದು ಮೂಲಿ ತಾವ ಹಿಡಕೊಂಡು ನಿಂತ್ರು. ಕಂಪ್ನಿ ಮೇಡಂ, ಟೊಪ್ಪಿಗಿ ಹಾಕ್ಕೊಂಡು, ಹುಲ್ಲು ಅಂಟಿದ ಸೀರಿ ಮೂಲಿ ಹಿಡಿದು, ಕ್ಯಾಮೆರಾಕ್ಕ ಬೆನ್ನು ಕೊಟ್ಟು. ಆಮ್ಯಾಲ ಅವರು ಹೋದ್ರು, ಸೊಸಿ ಹಿಡಿದ್ಲು. ಹಿರ್ಯಾಳು ಅಂತ ನನಗ ಯಾರೂ ಮರ್ಯಾದಿ ಕೊಡ್ಲಿಲ್ಲ, ನಂದು ಎಲ್ಲಾರಕಿಂತ ಕಡಿಗೆ.

ಸೂಪರ್ವೈಸರ್ ಬಿರಿಬಿರಿ ಪಾರ್ಸಲ್ ಹಿಡಕೊಂಡು ಬಂದ. ಮೇಡಂ ಅಂದ್ರು, "ನನ್ನ ಊಟ ಆಯ್ತು. ಅದನ್ನ ನೀವೇ ತಿನ್ನಿ." ಹೋಗೋವಾಗ ಸೊಸಿಗೆ ತಮ್ಮ ಫೋನ್ ನಂಬರ್ ಕೊಟ್ಟು, "ನಾನು ಕೇಳ್ತೀನಿ. ಆದ್ರೆ ನಾನೊಬ್ಬಳು ಕೇಳಿದ್ರೆ ಆಗೋಲ್ಲ, ನೀವೂ ಬಿಡಬೇಡಿ" ಅಂದ್ರು.

ನಾವು ಬಿಡ್ಲಿಲ್ಲ. ಮಾರನೇ ದಿನದಿಂದ ಎಲ್ಲಾರೂ ಹೊಟ್ಟಿ ತುಂಬ ನೀರು ಕುಡದ್ವಿ. ಒಬ್ಬಾಕಿ ಹೋಗಬೇಕಂದ್ರ ಸೀರಿ ಹಿಡಿಯಾಕ ನಾಕು ಮಂದಿ ಬೇಕು. ನಾಕು ಮಂದಿ ಸೀರಿ ಹಿಡಿದು ನಿಂತ್ರ ಪೈಪು ಹಿಡಿಯೋರು ಯಾರು? ಒಬ್ಬಾಕಿ ಬರೋದ್ರಾಗ ಇನ್ನೊಬ್ಬಾಕಿ ತಯಾರು. ಬಿಸಿಲು ಏರೋದ್ರಾಗ ತೊಳದು ಮುಗಿಯೋ ಪ್ಲೇಟಿನ ಸಾಲು ಅರ್ಧಕ್ಕ ನಿಂತ್ವು. ಸೂಪರ್ವೈಸರ್ ಛತ್ರಿ ಮಡಚಿ ಕುಣಿದಾಡಿದ.

"ಏನ್ ಅಜ್ಜಿ ಇದು, ಬೇಕಂತ ಮಾಡ್ತಿದೀರಾ?"

"ಒಂದಕ್ಕ ಯಾರರ ಬೇಕಂತ ಹೋಗ್ತಾರೇನು ಸಾಹೇಬ್ರ? ಬರ್ತೈತಿ, ಹೋಗ್ತೀವಿ. ಅವಸರ ಇದ್ರ ನೀವೂ ಒಂದು ಮೂಲಿ ಹಿಡೀರಿ."

ಈ ಸುದ್ದಿ ಕೂಡ್ಲಿಗಿ ಕಡಿ, ಹಡಗಲಿ ಕಡಿ ಅದ ಕಂಪ್ನಿ ಹೊಲಗಳಿಗೂ ಹೋತು. ಅಲ್ಲಿ ಹೆಂಗಸ್ರೂ ಹಳೆ ಸೀರಿ ಒಯ್ಯಾಕ ಹತ್ತಿದ್ರಂತ. ಧೂಳು ಕುಂತ ಪ್ಲೇಟು ಕಂಪ್ನಿಗೆ ಎಲ್ಲಿದ್ರೂ ಕಾಣ್ತೈತಂತ, ಕರೆಂಟು ಕಮ್ಮಿ ಬಂದ್ರ ಅಲ್ಲಿ ಕುಂತಾರಿಗೆ ಗೊತ್ತಾಕ್ಕೈತಿ. ಕಂಪ್ನಿ, ಕಂಟ್ರಾಕ್ಟರು ಇಬ್ರೂ ಕೈ ತೋರಿಸೋದು ಬಿಟ್ಟು ಗಾಡಿ ಕಳಿಸಿದ್ರು. ಬುನಾದಿ ತೋಡಿದ್ರು, ಗೋಡಿ ಎದ್ವು, ಮ್ಯಾಲ ನೀರಿನ ಟ್ಯಾಂಕಿ. ಮಗ್ಗಲಾಗ ಕುಂದ್ರಾಕ ತಗಡಿನ ನೆರಳು.

ಬಾಗಿಲಿಗೆ ಮಾತ್ರ ಬೀಗ. ಕೀಲಿ ಸೂಪರ್ವೈಸರ್ ಕಿಸೆದಾಗ. ಹೊಲಸು ಮಾಡ್ತೀರಿ, ಕೇಳಿ ಇಸ್ಕೊಳ್ರಿ ಅಂದ. ಅವನ ಮುಂದ ಹೋಗಿ ದಿನಾ ಕೈ ಚಾಚಬೇಕಂತ. ಸೊಸಿ ಮತ್ತ ಬಾಟ್ಲಿ ಮುಚ್ಚಳ ತಿರುವಿ ಇಟ್ಲು. ಅದನ್ನ ನೋಡಿ ನನಗ ತಡಿಲಿಲ್ಲ. ಮೊಮ್ಮಗಳ ಮುಂದ ಕುಂತು ಅಕ್ಷರ ಹುಡುಕಿ ಹುಡುಕಿ ಮೇಡಂಗ ಬರದೆ. ನಾ ಫೋನಿನಾಗ ಬರದ ಮೊದಲನೇ ಮಾತು ಅದು: "ಪಾಯಖಾನಿ ಬಂತು. ಕೀಲಿ ಬರ್ಲಿಲ್ಲ. ಮಜ್ಜಿಗಿ ತಯಾರ ಐತಿ."

ಅವರು ಏನೂ ಬರೀಲಿಲ್ಲ, ನಗೋ ಮುಖ ಒಂದು ಕಳಿಸಿದ್ರು. ಮರುದಿನ ಹೋಗೋದ್ರಾಗ ಬೀಗ ಇದ್ದಿದ್ದಿಲ್ಲ. ಹೊರಗಿನ ಕೊಂಡಿನ ಕಿತ್ತು ಹಾಕಿದ್ರು. ಒಳಗ ಅಷ್ಟ ಚಿಲಕ.

ಸೊಸಿ ಮೊದ್ಲು ಹೋದ್ಲು. ಒಳಗಿಂದ ಚಿಲಕ ಹಾಕಿದ್ದು ಕೇಳಿಸ್ತು. ನಾ ಅಲ್ಲೇ ತಗಡಿನ ನೆರಳಾಗ ಕುಂತುಬಿಟ್ಟೆ. ಹೊತ್ತು ಹೋತು. ನೀರು ಬಿಟ್ಟಿದ್ದು ಕೇಳ್ತು, ನಿಂತಿದ್ದು ಕೇಳ್ತು, ಮತ್ತ ಬಿಟ್ಟಿದ್ದು ಕೇಳ್ತು. ಗುಡೇಕೋಟಿಯಾಕಿ ಬಾಗಿಲಾ ಬಡಿದ್ಲು. "ಏ ಬಾಗಳಿಯಾಕಿ, ಒಳಗ ಮನಿ ಮಾಡಿಯೇನು? ನಮಗೂ ಒಂದು ಪಾಳಿ ಕೊಡವಾ."

ಒಳಗಿಂದ ದನಿ ಬಂತು. "ಹೆಸರು ಹಿಡಿದು ಕರದ್ರ ಬರ್ತೀನಿ."

ಗುಡೇಕೋಟಿಯಾಕಿ ನನ್ನ ಮುಖ ನೋಡಿದ್ಲು. ಗೇಟಿನಾಗ ದಿನಾ ಕೂಗಿದ್ರೂ ಆಕಿ ಆ ಹೆಸರು ಲಕ್ಷ್ಯಕ್ಕ ತಗೊಂಡಿದ್ದಿಲ್ಲ. ನಾ ಕಿವ್ಯಾಗ ಹೇಳಿಕೊಟ್ಟೆ. ಆಕಿ ಕೂಗಿದ್ಲು, ಚಿಲಕ ತೆರೀತು. ಸೊಸಿ ಹೊರಗ ಬಂದು, ಕಾರ್ಡು ಸರಿ ಮಾಡ್ಕೊಂಡು, ನನ್ನ ಮಗ್ಗಲಾಗ ಕುಂತು ಬಾಟ್ಲಿ ಎತ್ತಿ ಗಟಗಟ ಕುಡಿದ್ಲು. ಅರ್ಧ ಉಳಿದಿತ್ತು. ಅದನ್ನ ನನಗ ಕೊಟ್ಟು, "ನೀವೂ ಕುಡೀರಿ ಅತ್ತಿ" ಅಂದ್ಲು.