ಬಾಡಿಲ್ಲದ ಕ್ರಿಸ್ಮಸ್

ಮದುವೆಯಾಗಿ ನಂಜನಗೂಡಿಗೆ ಬಂದ ಮೇಲೆ ನನ್ನ ಮೊದಲ ಕ್ರಿಸ್ಮಸ್ಸಿಗೆ ಇನ್ನು ನಾಲ್ಕೈದು ದಿನ ಇತ್ತು. ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅತ್ತೆ, ಕೈ ನಿಲ್ಲಿಸದೆಯೇ, "ಅಬ್ಬದ ದಿನ ಮದ್ಯಾನಕ್ಕೆ ನಮ್ಮನೇಲಿ ಬಾಡು ಬೇಯ್ಸಾಕಿಲ್ಲ ಕಣವ್ವ" ಅಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅತ್ತೆ ಮಾಂಸ ತಿನ್ನದವರಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಕುರಿಯದೋ ಕೋಳಿಯದೋ ಸಾರು ಇದ್ದೇ ಇರುತ್ತಿತ್ತು. ವಾರವಾರ ತಿಂದು ಹಬ್ಬದ ದಿನ ಬಿಡುವ ಮನೆಯನ್ನು ನಾನು ಕಂಡಿರಲಿಲ್ಲ.

ನನ್ನ ತವರು ಟಿ. ನರಸೀಪುರ. ಅಪ್ಪ ರೇಷ್ಮೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾವು ಕ್ಯಾಥೊಲಿಕರು, ಗಂಡನ ಮನೆಯವರು ಪ್ರಾಟೆಸ್ಟೆಂಟರು. ನಮ್ಮಲ್ಲಿ ಪೂಜೆ ಎನ್ನುವುದಕ್ಕೆ ಅವರಲ್ಲಿ ಆರಾಧನೆ ಎನ್ನುತ್ತಾರೆ. ಮದುವೆಯ ಮಾತುಕತೆಯಲ್ಲಿ ಯಾವ ಚರ್ಚಿನಲ್ಲಿ ತಾಳಿ, ಹುಟ್ಟುವ ಮಕ್ಕಳಿಗೆ ಎಲ್ಲಿ ದೀಕ್ಷಾಸ್ನಾನ ಎಂದೆಲ್ಲ ದೊಡ್ಡವರು ಕೂತು ಇತ್ಯರ್ಥ ಮಾಡಿದ್ದರು. ಊಟದ ವಿಷಯ ಯಾರಿಗೂ ಹೊಳೆದಿರಲಿಲ್ಲ.

ತವರಿನಲ್ಲಿ ಕ್ರಿಸ್ಮಸ್ ಎಂದರೆ ಹಂದಿ ಬಾಡು. ಅದನ್ನು ಅಮ್ಮನ ಕೈಗೆ ಕೊಡದೆ ಅಪ್ಪನೇ ಹೆಚ್ಚಿ, ಮೆಣಸು ಬೆಳ್ಳುಳ್ಳಿ ಅರೆದು ಹಾಕಿ, ಕೊಬ್ಬು ಕರಗಿ ತಳ ಹಿಡಿಯುವ ತನಕ ಒಲೆಯ ಮುಂದೆ ಕೂರುತ್ತಿದ್ದರು. ಜೊತೆಗೆ ಒತ್ತು ಶಾವಿಗೆ. ತಟ್ಟೆಯ ಒಂದು ಬದಿಯ ಶಾವಿಗೆಗೆ ಬಾಡಿನ ಗೊಜ್ಜು, ಇನ್ನೊಂದು ಬದಿಗೆ ಬೆಲ್ಲದ ಕಾಯಿಹಾಲು. ಅದಿಲ್ಲದೆ ಹಬ್ಬ ಆಯಿತು ಅಂತ ನಮಗೆ ಅನ್ನಿಸುತ್ತಲೇ ಇರಲಿಲ್ಲ.

ಅತ್ತೆಯ ಮನೆಯಲ್ಲಿ ಹಂದಿ ಯಾವ ದಿನವೂ ಇಲ್ಲ. ಅದು ಅವರ ಹಿರಿಯರಿಂದ ಬಂದದ್ದು, ಗಂಡ ಮಾತ್ರ ಹೊರಗೆ ಸಿಕ್ಕರೆ ತಿನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು. ಆದರೆ ಹಬ್ಬದ ಮಧ್ಯಾಹ್ನ ಯಾವ ಬಾಡೂ ಇಲ್ಲ ಎನ್ನುವುದರ ಕಾರಣ ಎದುರು ಮನೆಯಲ್ಲಿತ್ತು.

ನನ್ನ ಗಂಡ ಕೈಗೂಸಾಗಿದ್ದಾಗ ಅತ್ತೆಗೆ ಟೈಫಾಯಿಡ್ ಬಂದು ತಿಂಗಳುಗಟ್ಟಲೆ ಮಲಗಿದ್ದರಂತೆ. ಆಗ ಎದುರು ಮನೆಗೆ ಸೊಸೆಯಾಗಿ ಬಂದಿದ್ದ ಲಿಂಗಾಯತರ ಹೆಂಗಸು ದಿನಾ ಬೀದಿಯವರ ಕಣ್ಣಿಗೆ ಬೀಳದಂತೆ ಹಿತ್ತಲ ಕಡೆಯಿಂದ ಬಂದು, ಗಂಜಿ ಇಟ್ಟು, ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಸಾಕಿದ್ದರು. ಮೇಲೆದ್ದ ಅತ್ತೆ ಅವರನ್ನು ಊಟಕ್ಕೆ ಕರೆದರು. "ಬಾಡಿನ ವಾಸ್ನೆ ಇಲ್ದ ದಿನ ಕರಿಯವ್ವ, ಬತ್ತೀನಿ" ಅಂದರಂತೆ ಅವರು. ಅತ್ತೆ ಕ್ರಿಸ್ಮಸ್ಸಿಗೇ ಕರೆದರು. ಹಿಂದಿನ ದಿನವೇ ಒಲೆ ಸಾರಿಸಿ, ಬಾಡು ಮುಟ್ಟಿಸದೆ ಅದಕ್ಕೆಂದೇ ಇಟ್ಟ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ ಅಡುಗೆ ಮಾಡಿದರು. ಅವರು ಬಂದು ಎಲೆಯ ಮುಂದೆ ಕೂತು ಉಂಡರು. ಅಲ್ಲಿಂದಾಚೆ ಪ್ರತಿ ವರ್ಷ ಹಾಗೇ ನಡೆದಿತ್ತು. ಅವರ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇದನ್ನು ಕೇಳುತ್ತಿದ್ದಂತೆ ನನಗೆ ಅಪ್ಪನ ನೆನಪಾಯಿತು. ನಮ್ಮ ಕಡೆ ಮಗಳ ಮೊದಲ ಕ್ರಿಸ್ಮಸ್ಸಿಗೆ ತವರಿನವರು ಅಡುಗೆ ಮಾಡಿ ತರುವುದು ವಾಡಿಕೆ. ಅಪ್ಪ ಬರುವವರಿದ್ದರು. ಏನು ತರುತ್ತಾರೆ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅತ್ತೆಗೆ ಹೇಳಲು ಅಂಜಿಕೆಯಾಗಿ ರಾತ್ರಿ ಗಂಡನಿಗೆ ಹೇಳಿದೆ. "ಮಾವ ತಂದ್ರೆ ತರ್ಲಿ ಬುಡು, ಸಾಯಂಕಾಲ ತಿಂದ್ರಾಯ್ತು. ನೀನ್ಯಾಕೆ ಇಷ್ಟೊಂದು ತಲೆ ಕೆಡಿಸ್ಕೋತೀಯ?" ಎಂದು ಮಗ್ಗುಲಾದರು.

ಮಾರನೆಯ ದಿನ ತರಕಾರಿಯ ನೆಪ ಹೇಳಿ ಎಸ್‌ಟಿಡಿ ಬೂತಿಗೆ ಹೋದೆ. ತವರಿನಲ್ಲಿ ಫೋನಿರಲಿಲ್ಲ. ಅಲ್ಲಿನ ನಮ್ಮ ಬೀದಿಯ ಅಂಗಡಿಗೆ ಮಾಡಿದರೆ ಅಂಗಡಿಯವರು ಸುದ್ದಿ ಮುಟ್ಟಿಸುತ್ತಿದ್ದರು. ಬೂತಿನ ಯಜಮಾನರು ಹಣೆ ತುಂಬ ವಿಭೂತಿ ಇಟ್ಟವರು, ಎದುರು ಮನೆಯವರಿಗೆ ನೆಂಟರೂ ಇರಬಹುದು. ಹಿಂದೆ ಬೇರೆ ಜನ ಕಾಯುತ್ತಿದ್ದರು. ಬಾಯಿಬಿಟ್ಟು ಹಂದಿ ಎನ್ನಲು ನಾಲಗೆ ಏಳಲಿಲ್ಲ. "ಅಡುಗೆ ಏನೂ ತರೋದು ಬ್ಯಾಡ ಅಂತ ಅಪ್ಪಂಗೆ ಹೇಳಿ, ಮರೀಬೇಡಿ" ಅಂದೆ. "ಆಯ್ತು ಕಣವ್ವ, ಯೋಳ್ತೀನಿ" ಅಂತು ಆ ಕಡೆಯ ದನಿ.

ಹೇಳಿದರೋ ಮರೆತರೋ, ಅದನ್ನು ತಿಳಿಯುವ ದಾರಿ ಇರಲಿಲ್ಲ. ಹಬ್ಬದ ಬೆಳಿಗ್ಗೆ ಆರಾಧನೆಯಲ್ಲಿ ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ಉಪದೇಶಿಗಳು ಏನು ಹೇಳಿದರೋ ಕಿವಿಗೆ ಬೀಳಲಿಲ್ಲ. ನರಸೀಪುರದ ಬಸ್ಸು ಎಲ್ಲಿಗೆ ಬಂದಿರಬಹುದು ಎಂಬುದೊಂದೇ ಯೋಚನೆ. ಮನೆಗೆ ಬಂದು ಬಾಳೆಲೆ ಒರೆಸುವಾಗಲೂ ಬೀದಿಯಲ್ಲಿ ಹೆಜ್ಜೆಸಪ್ಪಳ ಕೇಳಿದರೆ ಬಾಗಿಲಿಗೆ ಬಂದು ಇಣುಕುತ್ತಿದ್ದೆ.

ಎದುರು ಮನೆ ಅಮ್ಮ ಹಿತ್ತಲ ಬಾಗಿಲಿನಿಂದ ಬಂದರು. ಎತ್ತರದ ಹೆಂಗಸು, ಸೆರಗು ಹೊದ್ದು, ಬಂದವರೇ ನನ್ನ ಗಂಡನ ತಲೆ ಸವರಿದರು. ಎಲೆಯ ಮುಂದೆ ಕೂತರು. ಕೋಸಂಬರಿ, ಬೀನ್ಸ್ ಪಲ್ಯ, ಚಿತ್ರಾನ್ನ, ಹೋಳಿಗೆ, ಹಿತಕಿದ ಬೇಳೆ ಸಾರು. ಅತ್ತೆ ತಾವು ಕೂರದೆ ಬಗ್ಗಿ ಬಗ್ಗಿ ಬಡಿಸುತ್ತಿದ್ದರು. ನಾನು ತುಪ್ಪದ ಬಟ್ಟಲು ಹಿಡಿದು ಬೀದಿ ಬಾಗಿಲನ್ನೇ ನೋಡುತ್ತ ನಿಂತಿದ್ದೆ.

ಅವರು ಸಾರನ್ನ ಕಲೆಸುವ ಹೊತ್ತಿಗೆ ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ದೊಡ್ಡ ಟಿಫನ್ ಕ್ಯಾರಿಯರ್. ಓಡಿಹೋಗಿ ಹೊಸ್ತಿಲಲ್ಲೇ ಅಡ್ಡ ನಿಂತೆ.

"ಅಂಗಡಿಯವ್ರು ಹೇಳ್ಲಿಲ್ವ ಅಪ್ಪ?"

"ಯೋಳುದ್ರು ಮಗ. ಬೀಗ್ರು ಅಂದ್ಮೇಕೆ ಬ್ಯಾಡ ಅಂತ್ಲೇ ಅಂತಾರೆ. ಅಂಗಂತ ಬರಿಗೈಲಿ ಬರಾಕಾಯ್ತದಾ?"

"ಒಳಗೆ ತರಬೇಡ ಅಪ್ಪ. ಒಳಗೆ ಒಬ್ಬರು ಊಟಕ್ಕೆ ಕೂತವ್ರೆ, ಬಾಡು ಮುಟ್ಟಲ್ಲ ಅವ್ರು. ಅಲ್ಲೇ ಇಡು."

ಅಪ್ಪನ ಮುಖ ಸಣ್ಣಗಾಯಿತು. ಬೆಳಗಿನ ಜಾವವೇ ಎದ್ದು ಬೇಯಿಸಿದ್ದನ್ನು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದನ್ನು, ಮಗಳೇ ಬಾಗಿಲಲ್ಲಿ ತಡೆಯುತ್ತಿದ್ದಾಳೆ. ಕ್ಯಾರಿಯರನ್ನು ಜಗಲಿಯ ಮೂಲೆಯಲ್ಲಿಟ್ಟರು. ಮುಚ್ಚಳ ಬಿಗಿಯಾಗಿಯೇ ಇತ್ತು. ಆದರೂ ಮೆಣಸು ಬೆಳ್ಳುಳ್ಳಿಯ ಘಮ, ಹುಟ್ಟಿದಾಗಿನಿಂದ ನನಗೆ ಹಬ್ಬದ ಘಮವಾಗಿದ್ದದ್ದು, ಗಾಳಿಗೆ ಸೀದಾ ಒಳಕ್ಕೆ ಹೋಗುತ್ತಿದೆ ಅನ್ನಿಸಿತು. ಬಾಗಿಲು ಎಳೆದುಕೊಳ್ಳಲು ಹೋದೆ. ಅಷ್ಟರಲ್ಲಿ ಸೌಟು ಹಿಡಿದೇ ಅತ್ತೆ ಹೊರಗೆ ಬಂದರು.

ಕ್ಯಾರಿಯರನ್ನು ನೋಡಿದರು, ನನ್ನ ಮುಖ ನೋಡಿದರು. "ಬನ್ನಿ ಬೀಗ್ರೆ, ಕೈಕಾಲು ತೊಳಕೊಳ್ಳಿ" ಎಂದು ಅಪ್ಪನನ್ನು ಕರೆದು ಒಳಗೆ ಹೋದರು. ಏನೂ ಹೇಳದೆ ಸುಮ್ಮನಿದ್ದುಬಿಡುತ್ತಾರೆ ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಅತ್ತೆ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಕ್ಕಾರೆ, ಒಂದು ಮಾತು. ಬೀಗ್ರು ಊರಿಂದ ಬಾಡು ತಂದವ್ರೆ. ಅವ್ರಿಗೆ ತಿಳೀದು. ಆಚೆ ಜಗಲೀಲದೆ, ಒಳೀಕೆ ಬಂದಿಲ್ಲ. ಯೋಳ್ದೆ ಇರಾಕೆ ನಂಗೆ ಮನಸು ಒಪ್ಪಲಿಲ್ಲ" ಅಂದರು.

ಎದುರು ಮನೆ ಅಮ್ಮನ ಕೈ ಎಲೆಯ ಮೇಲೆ ನಿಂತಿತು. ತಲೆ ಎತ್ತಲಿಲ್ಲ. ಕಲೆಸಿದ ಅನ್ನವನ್ನು ಎಲೆಯ ಒಂದು ಪಕ್ಕಕ್ಕೆ ಸರಿಸಿದರು.

"ಕ್ವಾಪ ಇಲ್ಲ ಕಣವ್ವ. ನಿಂದೇನೂ ತಪ್ಪಿಲ್ಲ. ಗಂಟ್ಲಲ್ಲಿ ಇಳೀತಿಲ್ಲ, ಅಷ್ಟೇಯ."

ಎಲೆ ಮಡಚಿ ಎದ್ದರು. ಹಿತ್ತಲಲ್ಲಿ ಕೈ ತೊಳೆದು, ಬಂದ ದಾರಿಯಲ್ಲೇ ಹೋದರು. ಕೊನೆಗೆ ಬಡಿಸಲೆಂದು ಇಟ್ಟಿದ್ದ ಪಾಯಸ ಹಾಗೇ ಉಳಿಯಿತು.

ಅಪ್ಪ ನಡುಮನೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. "ನಾನು ವಾಪಸ್ ತಗೊಂಡೋಯ್ತೀನಿ" ಅಂದರು. ಅತ್ತೆ ಬಿಡಲಿಲ್ಲ. ಎಲೆ ಹಾಕಿ ಕೂರಿಸಿದರು. ಅಪ್ಪ ಅನ್ನವನ್ನು ಔಷಧಿಯ ಹಾಗೆ ನುಂಗಿದರು. ಸಾಯಂಕಾಲ ಅಪ್ಪನನ್ನು ಬಸ್ಸು ಹತ್ತಿಸಿ ಬಂದ ಮೇಲೆ, ಅತ್ತೆ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಮಾಡಿಕೊಟ್ಟರು. "ಬಿಸಿ ಮಾಡ್ಕಂಡು ನೀವಿಬ್ರೂ ತಿನ್ನಿ, ಬಿಸಾಕಬ್ಯಾಡಿ. ಆ ಮನುಸ ಎಷ್ಟು ಆಸೆಯಿಂದ ಮಾಡವ್ರೆ" ಎಂದು ತಾವು ಒಳಗೆ ಹೋಗಿ ಮಲಗಿದರು. ಗಂಡ ತಿಂದರು. ನನಗೆ ಒಂದು ತುಂಡಿನ ಮೇಲೆ ಸೇರಲಿಲ್ಲ.

ಆಮೇಲಿನ ವರ್ಷವೆಲ್ಲ ನಾನು ಎದುರು ಮನೆಯನ್ನು ಓದುತ್ತಲೇ ಕಳೆದೆ. ರಂಗೋಲಿ ಹಾಕುವಾಗ ಅಮ್ಮ ತಲೆ ಎತ್ತಿ ನೋಡಿದರೆ ಸಮಾಧಾನ. ನೋಡದೆ ಒಳಗೆ ಹೋದರೆ ದಿನವಿಡೀ ಅದೇ ಚಿಂತೆ. ಅವರು ಅತ್ತೆಯ ಜೊತೆ ಮೊದಲಿನ ಹಾಗೇ ಮಾತಾಡುತ್ತಿದ್ದರು. ನಾನು ಬಸುರಿ ಎಂದು ತಿಳಿದ ಮೇಲೆ ಹುಳಿಮಾವಿನಕಾಯಿಯನ್ನೂ ಕಳಿಸಿದರು. ಆದರೆ ಊಟದ ಮಾತು ಯಾರೂ ಎತ್ತಲಿಲ್ಲ. ಅತ್ತೆಯೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಮುಂದಿನ ಕ್ರಿಸ್ಮಸ್ಸಿಗೆ ನನ್ನ ಮಗಳು ಎಳೆಗೂಸು. ಅತ್ತೆ ಒಲೆ ಸಾರಿಸಿದರು, ಪಾತ್ರೆ ಇಳಿಸಿದರು, ಹೋಗಿ ಕರೆದೂ ಬಂದರು. "ಏನಂದ್ರು ಅತ್ತೆ?" ಅಂದೆ. "ನೋಡ್ತೀನಿ ಅಂದ್ರು" ಅಂದರು, ಅಷ್ಟೇ. ಅಪ್ಪ ಆ ಸಲ ಮೊದಲ ಬಸ್ಸಿಗೇ ಬಂದಿದ್ದರು. ಚೀಲದ ತುಂಬ ಸೊಗಡಿನ ಅವರೆಕಾಯಿ, ಒಂದು ಗೊನೆ ಬಾಳೆಹಣ್ಣು, ಮೊಮ್ಮಗಳಿಗೆ ಉಲ್ಲನ್ ಟೋಪಿ. ಜಗಲಿಯಲ್ಲಿ ಕೂತವರು ಒಳಗೆ ಕರೆದರೂ ಬರಲಿಲ್ಲ.

ಊಟದ ಹೊತ್ತು ಮೀರಿತು. ಹಾಕಿದ ಎಲೆ ಬಾಡತೊಡಗಿತು. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಉಣ್ಣಿ ಎಂದರೆ "ಇರಿ" ಅನ್ನುತ್ತಿದ್ದರು. ಮಗು ಒಂದೇ ಸಮನೆ ಅಳುತ್ತಿತ್ತು, ನನಗೂ ಅಳು ಬರುವ ಹಾಗಿತ್ತು.

ಆಗ ಎದುರು ಬಾಗಿಲು ತೆರೆಯಿತು. ಅಮ್ಮ ಹಿತ್ತಲಿಂದ ಬರಲಿಲ್ಲ, ನೇರ ಬೀದಿ ದಾಟಿ ಬಂದರು. ಜಗಲಿಯಲ್ಲಿ ಗಾಬರಿಯಿಂದ ಎದ್ದು ನಿಂತ ಅಪ್ಪನನ್ನು ಕಂಡು, "ನೀವಾ ಬೀಗ್ರು? ಓದ್ವರ್ಸ ನನ್ನಿಂದ ನಿಮ್ಗೂ ಉಣ್ಣಾಕಾಗ್ಲಿಲ್ಲ ಅಂತ ಕೇಳ್ದೆ. ಬನ್ನಿ ಒಳೀಕೆ" ಅಂದರು, ತಮ್ಮ ಮನೆಯೇ ಎಂಬಂತೆ. "ಮನೇಲಿ ನೆಂಟ್ರು ಬಂದಿದ್ರು ಕಣವ್ವ, ಬುಡುಸ್ಕಂಡು ಬರೋದು ತಡ ಆಯ್ತು" ಎಂದು ಅತ್ತೆಗೆ ಹೇಳಿ, ಮಗುವನ್ನು ನನ್ನಿಂದ ತೆಗೆದುಕೊಂಡು, ಮಡಿಲಲ್ಲಿ ಹಾಕಿಕೊಂಡೇ ಉಂಡರು. ಅಪ್ಪ ಪಕ್ಕದ ಎಲೆಯಲ್ಲಿ ಕೂತು ಎರಡನೆಯ ಹೋಳಿಗೆ ಕೇಳಿ ಹಾಕಿಸಿಕೊಂಡರು. ನಾನು ಒಳಗೆ ಹೋಗಿ, ಒಲೆಯ ಮುಂದೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಎದುರು ಮನೆ ಮಾರಾಟವಾಯಿತು. ಅಮ್ಮ ಮಗಳ ಜೊತೆ ಇರಲು ಮೈಸೂರಿಗೆ ಹೋದರು. ಆ ವರ್ಷದ ಕ್ರಿಸ್ಮಸ್ ಹತ್ತಿರ ಬಂದಾಗ ಮತ್ತೆ ನನಗೆ ಹಳೆಯ ಕಳವಳ. ಈ ಸಲ ಬಾಡು ಮಾಡೋಣವೇ ಎಂದು ಅತ್ತೆಯನ್ನು ಕೇಳುವುದು ಹೇಗೆ? ಮಕ್ಕಳು ಬಿರಿಯಾನಿ ಬಿರಿಯಾನಿ ಎಂದು ಕುಣಿಯುತ್ತಿದ್ದರು. ಹಿಂದಿನ ಸಂಜೆ ಅತ್ತೆಯೇ ನನ್ನ ಗಂಡನನ್ನು ಕರೆದು, "ಬೆಳಿಗ್ಗೆ ಬ್ಯಾಗ ಓಗಿ ಕುರಿ ಬಾಡು ತಕಬಾ, ಎಳೇದು ನೋಡಿ" ಅಂದರು.

ಬೆಳಿಗ್ಗೆ ಬಾಡು ಬಂದ ಮೇಲೆ, ಭಾನುವಾರಗಳಲ್ಲಿ ಕಣ್ಣು ಮುಚ್ಚಿ ಮಸಾಲೆ ಹಾಕುತ್ತಿದ್ದ ಅವರು ಒಲೆಯ ಮುಂದೆ ಏನೂ ತೋಚದೆ ನಿಂತುಬಿಟ್ಟರು. "ಇವತ್ತು ನೀನೇ ಮಾಡವ್ವ" ಎಂದು ಸೌಟು ಕೊಟ್ಟು ಹೊರಗೆ ಕೂತರು. ಮಧ್ಯಾಹ್ನ ಎಲ್ಲರ ತಟ್ಟೆಗೂ ಬಡಿಸಿ ಅವರ ತಟ್ಟೆಯ ಮುಂದೆ ನಿಂತಾಗ ನನ್ನ ಕೈ ತಡೆಯಿತು. ಅವರು ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ನೂಕಿದರು. ಬಡಿಸಿದೆ. ನಿಧಾನವಾಗಿ, ಎಲ್ಲವನ್ನೂ ತಿಂದರು.