ಪೀಠಿಕೆ ಮಾಮನ ಲಿಫ್ಟ್ ಭಾಷಣ

ನಮ್ಮ ಮಾವನವರು ಲಿಫ್ಟ್ ರಿಪೇರಿ ಮಾಡುವವರು. ಕಂಪನಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಪೀಠಿಕೆ ಮಾಮ ಎಂದು. ಈ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಆ ಪುಣ್ಯಾತ್ಮರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ "ಟೀ ಕೊಡ್ಲಾ ಮಾವ?" ಎಂದು ಕೇಳಿದ್ದೆ. ಬೆಳಿಗ್ಗೆ ಎದ್ದಾಗ ಹೊಟ್ಟೆ ಹೇಗಿತ್ತು, ಮಧ್ಯಾಹ್ನ ಯಾವ ಅಂಗಡಿಯಲ್ಲಿ ಟೀ ಕುಡಿದರು, ಆ ಅಂಗಡಿಯವನ ಕೈ ಈಚೆಗೆ ಯಾಕೆ ಕೆಟ್ಟಿದೆ, ಎಲ್ಲ ಹೇಳಿ ಮುಗಿಸಿದ ಮೇಲೆ ಉತ್ತರ ಬಂತು: "ಬೇಡಮ್ಮಾ." ಅಷ್ಟರಲ್ಲಿ ನಾನು ತಂದಿದ್ದ ಟೀ ಆರಿ ತಣ್ಣಗಾಗಿತ್ತು.

ಕೆಲಸದಲ್ಲಿ ಮಾತ್ರ ಅವರತ್ತ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಕೈಕೊಟ್ಟಿದ್ದು ಮಂಡಿ. ಲಿಫ್ಟ್ ಕೆಟ್ಟರೆ ರಿಪೇರಿಯವರು ಮೆಟ್ಟಿಲು ಹತ್ತಿಕೊಂಡೇ ಮೇಲೆ ಹೋಗಬೇಕು, ಮೋಟಾರ್ ಇರುವುದು ತಾರಸಿಯ ಕೋಣೆಯಲ್ಲಿ. ಊರಿನ ಜನ ಮೆಟ್ಟಿಲು ಹತ್ತದೆ ಇರಲಿ ಎಂದು ದುಡಿದ ಮನುಷ್ಯ ತಾವು ಮಾತ್ರ ಮೆಟ್ಟಿಲು ಹತ್ತಿ ಹತ್ತಿಯೇ ಮಂಡಿ ಸವೆಸಿಕೊಂಡರು.

ಸೂಪರ್‌ವೈಸರ್ ಒಂದು ದಿನ ಕರೆದು ಹೇಳಿದರಂತೆ: "ಹತ್ತೋಕಾಗಲ್ಲ ಅಂದ್ರೆ ಇರೋದು ಒಂದೇ ದಾರಿ. ಲಿಫ್ಟ್ ನಡುವೆ ನಿಂತ್ರೆ ಏನು ಮಾಡಬೇಕು ಅಂತ ಕಟ್ಟಡದವರಿಗೆ ತಿಳಿಸಿ ಹೇಳೋಕೆ ಒಬ್ಬರು ಬೇಕು. ಭಾನುವಾರ ಒಂದು ಕಟ್ಟಡದಲ್ಲಿ ಮಾತಾಡಿ, ನಾನೂ ಬರ್ತೀನಿ. ಚೆನ್ನಾಗಿ ಬಂತಾ, ಆ ಕೆಲಸ ನಿಮ್ದೇ. ಇಲ್ಲಾಂದ್ರೆ..." ಇಲ್ಲಾಂದ್ರೆ ಏನು ಎಂದು ಅವರು ಹೇಳಲಿಲ್ಲ. ಮನೆಯಲ್ಲಿ ಕೂರುವುದು ಎಂದು ನಮಗೆಲ್ಲ ಅರ್ಥವಾಯಿತು. ಸಂಬಳ ನಿಲ್ಲುವುದಕ್ಕಿಂತ ಹೆಚ್ಚಾಗಿ ಮಾವ ಮನೆಯಲ್ಲಿ ಕೂರುವುದನ್ನು ನೆನೆಸಿಕೊಂಡು ಅತ್ತೆಗೂ ನನಗೂ ಎದೆ ಧಸಕ್ಕೆಂದಿತು. ಇಡೀ ದಿನ ಕೇಳುವವರು ನಾವಿಬ್ಬರೇ ತಾನೆ!

ಊಟದ ಮೇಜಿನ ಮುಂದೆ ನಿಂತು ಮಾವ ತಾಲೀಮು ಶುರು ಮಾಡಿದರು. ಪ್ರತಿ ತಪಾಸಣೆಯನ್ನೂ ತಾರಸಿಯಿಂದ ಆರಂಭಿಸಿ ಕೆಳಕ್ಕಿಳಿಯುವುದು ಅವರ ಅಭ್ಯಾಸ. ಲಿಫ್ಟ್ ಒಳಗೆ ಒಬ್ಬಳು ಸಿಕ್ಕಿಕೊಂಡಿದ್ದಾಳೆ ಎಂದಷ್ಟೇ ಹೇಳಿ, ಭಾಷಣವನ್ನೂ ತಾರಸಿಯಿಂದಲೇ ಹಿಡಿದರು. ಮೋಟಾರ್ ಬಂತು, ಬ್ರೇಕ್ ಬಂತು, ಉಕ್ಕಿನ ಹಗ್ಗ ಬಂತು, ಹಗ್ಗಕ್ಕೆ ಎಣ್ಣೆ ಹಚ್ಚುವ ಬಗೆ ಬಂತು. ಅತ್ತೆ ಟೇಲರ್. ಪಕ್ಕದಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದವರು ತಲೆ ಎತ್ತದೆ ಕೇಳಿದರು.

"ರೀ, ಲಿಫ್ಟ್ ಒಳಗೆ ಒಬ್ಬಳು ಸಿಕ್ಕಾಕೊಂಡಿದ್ದಾಳೆ ಅಂದ್ರಲ್ಲ, ಅವಳ ಕಥೆ ಏನಾಯ್ತು?"

"ಬರ್ತೀನಿ ಇರೇ. ಈಗಿನ್ನೂ ಹಗ್ಗದ ಹತ್ರ ಇದೀನಿ."

"ನೀವು ಅಲ್ಲಿಂದ ಇಳಿದು ಬರೋಷ್ಟರಲ್ಲಿ ಅವಳು ಒಳಗೇ ಮುದುಕಿ ಆಗಿರ್ತಾಳೆ."

ಮಾವ ಮುಖ ಊದಿಸಿಕೊಂಡು ಕೂತರು. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದೆ. ಹಿಂದಿರುಗಿದಾಗ ಅತ್ತೆ ಸೂಜಿ ಕೆಳಗಿಟ್ಟು ಪಾಠಕ್ಕೇ ಇಳಿದಿದ್ದರು.

"ಬಟ್ಟೆ ಕೈಗೆ ಬಂದ ತಕ್ಷಣ ನಾನು ಹೊಲಿಯೋಕೆ ಕೂರ್ತೀನಾ? ಹಾಕ್ಕೊಳ್ಳೋರು ಯಾರು ಅಂತ ಮೊದಲು ಕೇಳ್ತೀನಿ. ಆಮೇಲೆ ಅಳತೆ, ಆಮೇಲೆ ಗುರುತು, ಆಮೇಲೆ ಕತ್ತರಿ. ಅಲ್ಲಿ ಕೂರೋರೇನು ಲಿಫ್ಟ್ ರಿಪೇರಿ ಕಲಿಯೋಕೆ ಬರ್ತಾರಾ? ಒಳಗೆ ಸಿಕ್ಕಾಕೊಂಡಾಗ ಅವರಿಗೆ ಬೇಕಾದ್ದು ಎಷ್ಟು, ಅದನ್ನ ಹೇಳಿ."

ಎಳೆದಾಡಿ, ಜಗಳಾಡಿ, ಕೊನೆಗೆ ಮೂರು ಮಾತು ಉಳಿದವು. ಹೆದರಬೇಡಿ. ಗಂಟೆ ಒತ್ತಿ. ಬಾಗಿಲು ಮೀಟಬೇಡಿ. ಒಂದೊಂದಕ್ಕೂ ಯಾಕೆ ಎಂದು ಒಂದು ಕಾರಣ, ನಂಬಿಕೆ ಬರಲು ಒಂದು ನಡೆದ ಪ್ರಸಂಗ, ಅದರ ಮೇಲೆ ಒಂದಕ್ಷರ ಹೆಚ್ಚಿಲ್ಲ. ಅಷ್ಟು ದೊಡ್ಡ ಬ್ರೇಕು 'ಹೆದರಬೇಡಿ' ಎಂಬುದರ ಕೆಳಗೆ ಒಂದೇ ವಾಕ್ಯವಾಗಿ ಕುಗ್ಗಿತು: ಕರೆಂಟ್ ಹೋದರೆ ಅದು ತಾನಾಗಿ ಹಿಡಿದುಕೊಳ್ಳುತ್ತದೆ, ಲಿಫ್ಟ್ ಬೀಳುವುದಿಲ್ಲ. ಹಗ್ಗಕ್ಕೆ ಜಾಗವೇ ಸಿಗಲಿಲ್ಲ. ಅದಕ್ಕಾಗಿ ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಶುರುವಿನಲ್ಲಿ ಮೂರನ್ನೂ ಹೇಳಿ, ಕೊನೆಯಲ್ಲಿ ಮತ್ತೆ ಮೂರನ್ನೂ ಹೇಳಬೇಕು ಎಂದು ನಾನು ಬಾಲಂಗೋಚಿ ಸೇರಿಸಿದೆ. "ಹೇಳಿದ್ದನ್ನೇ ಹೇಳಿದ್ರೆ ಮುದುಕನಿಗೆ ಮರೆವು ಅಂತಾರೆ" ಎಂದು ಗೊಣಗಿ ಒಪ್ಪಿಕೊಂಡರು.

ಭಾನುವಾರ ಆ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಸೂಪರ್‌ವೈಸರ್ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು, ಅವರ ಪಕ್ಕದಲ್ಲೇ ನಾವು. ಮಾವ ಎದ್ದು ನಿಂತರು. "ಲಿಫ್ಟ್ ನಡುವೆ ನಿಂತುಬಿಟ್ರೆ ಏನು ಮಾಡಬೇಕು ಅಂತ ಮೂರೇ ಮಾತು ಹೇಳ್ತೀನಿ" ಎಂದಾಗ ಅತ್ತೆ ನನ್ನ ಕೈಯನ್ನು ಹಿಂಡಿದ ರಭಸಕ್ಕೆ ಬಳೆ ಹಾಕಿದ್ದರೆ ಒಡೆಯುತ್ತಿತ್ತು. ಮೊದಲನೆಯದು ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಜನ ತಲೆದೂಗಿದರು. ಎರಡನೆಯದಕ್ಕೆ ಬಂದರು.

"ಗಂಟೆ ಒತ್ತಿ. ಕೆಳಗೆ ವಾಚ್‌ಮನ್ ಕೋಣೇಲಿ ಹೊಡ್ಕೊಳ್ಳುತ್ತೆ."

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. "ಹೋದ ತಿಂಗಳು ನಾನು ಸಿಕ್ಕಾಕೊಂಡಿದ್ದೆ. ಒತ್ತಿದ್ದೇ ಒತ್ತಿದ್ದು, ಯಾರೂ ಬರಲಿಲ್ಲ."

"ಗಂಟೆ ಸರಿಯಾಗಿದೆ ಅಮ್ಮಾ. ತಪಾಸಣೆಗೆ ಬಂದಾಗೆಲ್ಲ ನಾನೇ ಲಿಫ್ಟಲ್ಲಿ ನಿಂತು ಒತ್ತಿ, ಸದ್ದು ಕೇಳಿಸ್ಕೊಂಡೇ ಹೋಗ್ತೀನಿ."

"ಸದ್ದೇನೋ ಬರುತ್ತೆ. ಆ ಕೋಣೇಲಿ ಈಗ ಪೊರಕೆ ಬಕೆಟ್ ಇಟ್ಟು ಬೀಗ ಹಾಕಿದಾರೆ. ವಾಚ್‌ಮನ್ ಕೂರೋದು ಗೇಟ್ ಹತ್ರ."

ಯಾರೋ ಕಿಸಕ್ಕೆಂದರು. ಕೋಣೆ ಬದಲಾಯಿಸಿದ್ದು ಕಟ್ಟಡದವರು, ಹಾಗೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಸೂಪರ್‌ವೈಸರ್ ಕೂಡ ಮುಂದಕ್ಕೆ ಹೋಗಿ ಎಂದು ಬೆರಳು ಆಡಿಸಿದರು. "ಮೂರನೇದಕ್ಕೆ ಹೋಗಿ, ಹೋಗೀಂದ್ರೆ" ಎಂದು ಅತ್ತೆ ಹಲ್ಲು ಕಚ್ಚಿ ಪಿಸುಗುಟ್ಟಿದರು. ಆದರೆ ಈ ಮನುಷ್ಯ ಹೇಳಿದ ಮಾತು ಯಾವತ್ತು ಕೇಳಿದ್ದರು?

"ತಪ್ಪು ನನ್ನದು" ಎಂದರು ಮಾವ. "ಗಂಟೆ ಹೊಡ್ಕೊಳ್ಳುತ್ತಾ ಅಂತ ನೋಡ್ದೆ. ಕೇಳೋರು ಇದಾರಾ ಅಂತ ನೋಡಲಿಲ್ಲ. ಗಂಟೆ ಗೇಟ್ ಹತ್ರ ಬರೋವರೆಗೂ ಈ ಲಿಫ್ಟಿಗೆ ಯಾರೂ ಹತ್ತಬೇಡಿ. ಮೇಲೆ ಹೋಗಿ ನಿಲ್ಲಿಸಿ ಬರ್ತೀನಿ."

ಜೇಬಿನಿಂದ ತಾರಸಿ ಕೋಣೆಯ ಕೀ ತೆಗೆದು ಮೆಟ್ಟಿಲ ಕಡೆ ನಡೆದೇಬಿಟ್ಟರು. ನಾಲ್ಕು ಮೆಟ್ಟಿಲು ಹತ್ತಿ ತಿರುಗಿ, "ಮೂರನೇದು, ಬಾಗಿಲು ಮೀಟಬೇಡಿ!" ಎಂದು ಕೂಗಿದರು. ಹಾಲ್ ಗೊಳ್ಳೆಂದಿತು. ಅತ್ತೆ ಮಾತ್ರ ನಗಲಿಲ್ಲ. "ಕೆಲಸ ಹೋಯ್ತು ಬಿಡು" ಎಂದು ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು, ಮಾವನ ಮೇಲೆ ಕೋಪವೂ ಬಂತು, ಆ ಎರಡಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಸೂಪರ್‌ವೈಸರ್ ಎದ್ದು ಮಾವನ ಹಿಂದೆ ಹೊರಟರು. ಬೈಯುತ್ತಾರೆಂದು ನಾವೂ ಓಡಿದೆವು. ಮಾವ ಮೊದಲನೇ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದರು, ಕಾಲು ನಡುಗುತ್ತಿತ್ತು. ಸೂಪರ್‌ವೈಸರ್ ಅವರ ಮುಂದೆ ಕೈಯೊಡ್ಡಿದರು.

"ಕೀ ಕೊಡಿ."

ಮಾವ ಕೊಟ್ಟರು. ಅತ್ತೆ ಗೋಡೆಗೆ ಒರಗಿಕೊಂಡರು.

"ಕೆಳಗೆ ಹೋಗಿ ಮಾತು ಮುಗಿಸಿ, ಜನ ಕಾಯ್ತಿದಾರೆ" ಎನ್ನುತ್ತಾ ಸೂಪರ್‌ವೈಸರ್ ತಾವೇ ಮೇಲಕ್ಕೆ ಹೆಜ್ಜೆ ಹಾಕಿದರು. "ಹತ್ತೋದು ಇನ್ಮೇಲೆ ನಿಮ್ಮ ಕೆಲಸ ಅಲ್ಲ."