ಬಲತೋಳಿಗೆ ಕಾದ ಸೂಜಿ

ಆಸ್ಟಿನ್ ನಗರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸೈನ್ಯದ ಹಳೆಯ ಶಿಬಿರಕ್ಕೆ ಹತ್ತಿರದ ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ ಮಲ್ಲವ್ವ ಆಗಲೇ ಮಷಿನ್ ಮುಂದೆ ಕೂತಿದ್ದಾರೆ. ಸೈನಿಕನೊಬ್ಬನ ಅಂಗಿಯ ಎಡತೋಳಿಗೆ ಬಟ್ಟೆಯ ಬಿಲ್ಲೆ ಹೊಲಿಯುತ್ತಿದ್ದಾರೆ. ದಿನಕ್ಕೆ ಮೂವತ್ತು ನಲವತ್ತು ತೋಳುಗಳು ಇವರ ಕೈ ದಾಟುತ್ತವೆ. ಆ ತೋಳುಗಳ ಒಡೆಯರಲ್ಲಿ ಹೆಚ್ಚಿನವರು ಇವರ ಮುಖ ನೋಡಿದವರಲ್ಲ.

ಈ ಸೈನ್ಯದಲ್ಲೊಂದು ಪದ್ಧತಿಯಿದೆ. ಈಗಿರುವ ದಳದ ಬಿಲ್ಲೆ ಎಡತೋಳಿಗೆ. ಯುದ್ಧಕ್ಕೆ ಹೋದವನು ಯಾವ ದಳದೊಂದಿಗೆ ಹೋಗಿದ್ದನೋ ಅದರ ಬಿಲ್ಲೆ ಬಲತೋಳಿಗೆ. ಮಲ್ಲವ್ವ ಅದನ್ನು ತಮ್ಮದೇ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದಾರೆ. “ಎಡಕ್ಕ ಹೊಲದ್ರ ಹೊಂಟಾನ, ಬಲಕ್ಕ ಹೊಲದ್ರ ಬಂದಾನ. ಅಷ್ಟರಿ ನನ್ನ ಲೆಕ್ಕ.”

ಗದಗದ ಬೆಟಗೇರಿಯಲ್ಲಿ ರವಿಕೆ ಹೊಲಿಯುತ್ತಿದ್ದ ಇವರು, ಹೋಟೆಲ್ ಅಡುಗೆಗೆಂದು ಬಂದ ಗಂಡ ಭೀಮಸೇನ ಅವರ ಹಿಂದೆ ಪುಟ್ಟ ಮಗನೊಂದಿಗೆ ಟೆಕ್ಸಸ್‌ಗೆ ಬಂದರು. ಈಗ ಮನೆ ಲಿಯಾಂಡರ್‌ನಲ್ಲಿ. ಅಲ್ಲಿನ ಸಾಫ್ಟ್‌ವೇರ್ ಮನೆಗಳ ಹೆಣ್ಣುಮಕ್ಕಳಿಗೆ ಇವರು ಯುಗಾದಿ ಹತ್ತಿರವಾದಾಗ ನೆನಪಾಗುವ ‘ಬ್ಲೌಸ್ ಆಂಟಿ’. ಆಮೇಲೆ ಮರೆತುಹೋಗುತ್ತಾರೆ, ಅದಿರಲಿ.

ಅಂಗಡಿಗೆ ಬಂದ ಹೊಸದರಲ್ಲಿ ಮಲ್ಲವ್ವ ಹೊಲಿಯುತ್ತಿದ್ದದ್ದು ಟೆಕ್ಸಸ್‌ನ ಟ್ಯಾಂಕ್ ದಳವಾದ ನಲವತ್ತೊಂಬತ್ತನೇ ಆರ್ಮರ್ಡ್ ಡಿವಿಜನ್ನಿನ ತ್ರಿಕೋನ ಬಿಲ್ಲೆ. ನಿವೃತ್ತ ಸೈನಿಕರು ಕೌಂಟರಿಗೆ ಒರಗಿ ಅದರ ಕಥೆ ಹೇಳುತ್ತಿದ್ದರು. ಎರಡನೇ ಮಹಾಯುದ್ಧದ ನಡುವೆ ಹುಟ್ಟಿದ ದಳ ಅದು, ಆದರೂ ಸಮುದ್ರ ದಾಟಲಿಲ್ಲ. ಬರ್ಲಿನ್ ಬಿಕ್ಕಟ್ಟಿನಲ್ಲಿ ಕರೆ ಬಂದರೂ ಪಕ್ಕದ ಲೂಯಿಸಿಯಾನದಲ್ಲೇ ಉಳಿಯಿತು. ಎರಡು ಸಾವಿರದಲ್ಲಿ ಬೋಸ್ನಿಯಾಕ್ಕೆ ಹೋದದ್ದು ಶಾಂತಿ ಕಾಯಲು. ಮುದುಕರಿಗೆ ಅದೊಂದು ಕೊರಗು. ಮಲ್ಲವ್ವನಿಗೆ ಮಾತ್ರ ಜೀವ ತಂಪಾಗುತ್ತಿತ್ತು, ಏಕೆಂದರೆ ಮಗ ನಿಶ್ಚಲ್ ಕಾಲೇಜಿನ ಫೀಸಿಗೆ ನೆರವಾಗುತ್ತದೆಂದು ಅದೇ ದಳಕ್ಕೆ ಅರೆಕಾಲಿಕ ಸೈನಿಕನಾಗಿ ಸೇರಿದ್ದ.

“ತಿಂಗಳಿಗೊಮ್ಮೆ ಹೋಗಿ ಬರ್ತಿದ್ದ. ನಮ್ಮ ಎನ್‌ಸಿಸಿ ಇದ್ದಂಗ ಅಂತ ತಿಳಕೊಂಡಿದ್ದೆ,” ಎನ್ನುತ್ತಾ ಅವರು ದಾರ ಕತ್ತರಿಸುತ್ತಾರೆ. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ?”

ಕಳೆದ ವರ್ಷ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ಆ ದಳದ ಬಾವುಟವನ್ನು ಸುತ್ತಿಟ್ಟರು. ಹೆಸರು ಬದಲಾಗಿ ಮೂವತ್ತಾರನೇ ಇನ್‌ಫೆಂಟ್ರಿ ಆಯಿತು. ತ್ರಿಕೋನಗಳನ್ನು ಬಿಚ್ಚಿ ಬಾಣದ ಮೊನೆಯಂಥ ಬಿಲ್ಲೆ ಹೊಲಿಯುವ ಕೆಲಸ ಮಲ್ಲವ್ವನ ಪಾಲಿಗೆ ಬಂತು. ಹಳೆಯ ಬಿಲ್ಲೆ ಬಿಚ್ಚಿದ ಜಾಗದಲ್ಲಿ ಬಟ್ಟೆ ಮಾಸದೆ, ತ್ರಿಕೋನದ ಗುರುತು ಹಾಗೇ ಉಳಿಯುತ್ತಿತ್ತು. ಮಗನ ಅಂಗಿಯದನ್ನೂ ಅವರೇ ಬಿಚ್ಚಿದರು. ಹೊಸ ಬಿಲ್ಲೆಯ ಅಂಗಿ ತೊಟ್ಟು ನಿಶ್ಚಲ್ ಈ ವರ್ಷದ ಆರಂಭದಲ್ಲಿ ಇರಾಕಿಗೆ ಹೋದ. ಫೋನಿನಲ್ಲಿ ಉಂಡೆಯಾ ಎಂದು ಕೇಳಿದರೆ “ಐ ಆಮ್ ಫೈನ್, ಅವ್ವ” ಎನ್ನುತ್ತಾನೆ. ಅದು ಪ್ರಶ್ನೆಗೆ ಉತ್ತರವಲ್ಲ ಎಂಬುದು ತಾಯಿಗೆ ಗೊತ್ತು.

ಹೋದ ತಿಂಗಳು ಬಿಳಿಗಡ್ಡದ ಒಬ್ಬರು ತಮ್ಮ ಮಗನ ಸೈನ್ಯದ ಕೋಟು ತಂದು, ಬಲತೋಳಿಗೆ ಬಿಲ್ಲೆ ಹೊಲಿಯಲು ಹೇಳಿದರು. ಬಲತೋಳು ಎಂದೊಡನೆ ಮಲ್ಲವ್ವನ ಮುಖ ಅರಳಿತು. ತಮಗೆ ಬರುವ ಇಂಗ್ಲಿಷಿನಲ್ಲಿ, ಮಗ ಮನೆಗೆ ಬಂದನೇ ಎಂದು ನಗುತ್ತಾ ಕೇಳಿಯೇಬಿಟ್ಟರು. ಆತ ಕೋಟಿನ ಕಾಲರ್ ಸವರಿದರು. ಶನಿವಾರ ಶ್ರದ್ಧಾಂಜಲಿ ಸಭೆಯಿದೆ, ಅಲ್ಲಿ ಕುರ್ಚಿಯ ಮೇಲೆ ಇದನ್ನು ಇಡಬೇಕು ಎಂದರು.

“ಆ ನಗಿ ನಾನು ವಾಪಸ್ ತಗೋಳಾಕ ಆಗಲಿಲ್ಲರಿ,” ಎನ್ನುತ್ತಾರೆ ಮಲ್ಲವ್ವ. ಅಂದು ಆ ಕೋಟನ್ನು ಮಷಿನ್ನಿಗೆ ಕೊಡದೆ ಕೈಯಲ್ಲೇ ಹೊಲಿದರು. ಅಂದಿನಿಂದ ಬಲತೋಳಿನ ಮೇಲಿದ್ದ ನಂಬಿಕೆಯೂ ಹೋಯಿತು.

ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು, ಅಪಶಕುನ ಎಂದು ಅವರ ತಾಯಿ ಚಿಕ್ಕಂದಿನಲ್ಲೇ ಗದರಿಸಿ ಕಲಿಸಿದ್ದರು. ಇಷ್ಟು ವರ್ಷಗಳಲ್ಲಿ ಮಲ್ಲವ್ವ ಅದನ್ನು ಒಮ್ಮೆಯೂ ಮೀರಿಲ್ಲ. ಆದರೆ ನಿಶ್ಚಲ್‌ನ ಬಲತೋಳಿನ ಬಿಲ್ಲೆಯ ಮಾತು ಬಂದಾಗ ತಲೆಯೆತ್ತುತ್ತಾರೆ.

“ಖಾಲಿ ಅಂಗಿ ಯಾರೂ ತಂದು ಕೊಡೂದು ಬ್ಯಾಡ್ರಿ. ಅಂವಾ ಹಾಕ್ಕೊಂಡು ಬಂದು ನನ್ನ ಮುಂದ ನಿಂದರಲಿ. ಮೈಮ್ಯಾಲ ಇದ್ದಂಗ ಹೊಲೀತೀನಿ. ನಮ್ಮವ್ವ ಬೈದ್ರ ಬೈಲಿ.”